ಹನ್ನೊಂದು ತಂತಿಯ ಅಪಕೀರ್ತಿ: ಮಿಲೇಟಸ್ಸಿನ ತಿಮೊಥಿಯಸ್

ಗ್ರೀಕರ ಒಂದು ಹಾಸ್ಯನಾಟಕದಲ್ಲಿ ಸಂಗೀತವೇ ಹೆಣ್ಣಾಗಿ ರಂಗದ ಮೇಲೆ ಬರುತ್ತಾಳೆ. ಮೈತುಂಬ ಏಟಿನ ಗುರುತು. ಯಾರಮ್ಮ ನಿನ್ನನ್ನು ಈ ಗತಿಗೆ ತಂದವರು ಎಂದು ನ್ಯಾಯದೇವತೆ ಕೇಳುತ್ತಾಳೆ. ಸಂಗೀತ ಒಬ್ಬೊಬ್ಬರ ಹೆಸರನ್ನೂ ಹೇಳುತ್ತ ಹೋಗುತ್ತಾಳೆ. ಮೊದಲು ಮೆಲನಿಪ್ಪಿಡಿಸ್, ಆಮೇಲೆ ಕಿನೇಸಿಯಸ್, ಆಮೇಲೆ ಫ್ರೀನಿಸ್. ಇವರನ್ನೆಲ್ಲ ಹೇಗೋ ತಡೆದುಕೊಂಡೆ, ಆದರೆ ತಿಮೊಥಿಯಸ್ ಇದ್ದಾನಲ್ಲ, ಅವನು ನನ್ನನ್ನು ಹೂತೇ ಹಾಕಿದ ಎಂದು ಗೋಳಾಡುತ್ತಾಳೆ. ಯಾವ ತಿಮೊಥಿಯಸ್? ಅವನೇ, ಮಿಲೇಟಸ್ಸಿನ ಕೆಂಗೂದಲಿನವನು. ಇರುವೆ ಹರಿದಾಡಿದ ಹಾಗೆ ಅಂಕುಡೊಂಕು ರಾಗ ತೆಗೆಯುವವನು. ಒಂಟಿಯಾಗಿ ಸಿಕ್ಕಿದರೆ ಸಾಕು, ಹನ್ನೆರಡು ತಂತಿಯಿಂದ ನನ್ನ ಬಟ್ಟೆ ಬಿಚ್ಚುತ್ತಾನೆ.

ಈ ನಾಟಕ ಬರೆದವನು ಫೆರೆಕ್ರೇಟಿಸ್. ಕಾಲ ಕ್ರಿ.ಪೂ. 5ನೇ ಶತಮಾನದ ಕೊನೆಯ ಭಾಗ. ನಾಟಕ ಪೂರ್ತಿ ಉಳಿದಿಲ್ಲ. ಸಂಗೀತದ ಇತಿಹಾಸ ಹೇಳುವ, ಗ್ರೀಕ್ ಲೇಖಕ ಪ್ಲುಟಾರ್ಕನ ಹೆಸರಿನಲ್ಲಿ ಬಂದಿರುವ ಒಂದು ಕೃತಿಯಲ್ಲಿ ಈ ತುಣುಕು ಮಾತ್ರ ಸಿಕ್ಕಿದೆ. ಹೆಣ್ಣಿನ ಮೇಲಿನ ದೌರ್ಜನ್ಯವನ್ನೇ ನಗೆಚಾಟಿಕೆ ಮಾಡಿಕೊಂಡ ಈ ಹಾಸ್ಯ ನಮಗೆ ಇವತ್ತು ರುಚಿಸುವುದಿಲ್ಲ, ರುಚಿಸಬೇಕಾಗಿಯೂ ಇಲ್ಲ. ಆದರೆ ಒಂದು ಮಾತು ಗಮನಿಸಿ. ನಾಟಕ ನೋಡಲು ಬಂದ ಜನಕ್ಕೆ ತಿಮೊಥಿಯಸ್ ಯಾರೆಂದು ವಿವರಿಸಿ ಹೇಳುವ ಅಗತ್ಯ ಇರಲಿಲ್ಲ. ಕೆಂಗೂದಲು, ಹನ್ನೆರಡು ತಂತಿ ಅಂದರೆ ಸಾಕು, ಜನ ನಗುತ್ತಿದ್ದರು. ಅಷ್ಟರ ಮಟ್ಟಿಗೆ ಅವನು ಹೆಸರು ಮಾಡಿದ್ದ, ಅಥವಾ ಹೆಸರು ಕೆಡಿಸಿಕೊಂಡಿದ್ದ.

ತಿಮೊಥಿಯಸ್ಸನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಹೀಗೆ ದೂರು ಹೇಳಿದವರ ಬಾಯಿಂದ ಬಂದದ್ದು. ಸಂಗೀತ ಕೆಡಿಸಿದ, ಹುಡುಗರನ್ನು ಹಾಳು ಮಾಡಿದ, ಸ್ಪಾರ್ಟಾದವರು ಅವನ ತಂತಿ ಕತ್ತರಿಸಿದರು, ವಾದ್ಯವನ್ನು ಕಿತ್ತು ನೇತುಹಾಕಿದರು, ಇತ್ಯಾದಿ. ಇವತ್ತಿನ ಉಪನ್ಯಾಸದಲ್ಲಿ ನಾನು ಹೇಳಹೊರಟದ್ದು ಇಷ್ಟೇ: ಈ ಅಪಕೀರ್ತಿಗೆ ಬೇಕಾದ ಸರಕಿನಲ್ಲಿ ಅರ್ಧದಷ್ಟನ್ನು ಒದಗಿಸಿದವನು ತಿಮೊಥಿಯಸ್ಸನೇ. ಅವನು ತನ್ನನ್ನು ತಾನೇ ಬಂಡುಕೋರ ಎಂದು ಸಾರಿಕೊಂಡ. ಮುಂದಿನವರು ಆ ಮಾತನ್ನು ಹಾಗೆಯೇ ನಂಬಿದರು.

ಮೊದಲು ಊರು, ಕಾಲ. ಮಿಲೇಟಸ್ ಇವತ್ತಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಗ್ರೀಕ್ ಪಟ್ಟಣ. ತಿಮೊಥಿಯಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 450ರಲ್ಲಿ, ತೀರಿಕೊಂಡದ್ದು 360ರ ಸುಮಾರಿಗೆ. ಪೇರೋಸ್ ದ್ವೀಪದಲ್ಲಿ ಸಿಕ್ಕಿದ ಅಮೃತಶಿಲೆಯ ಕಾಲಗಣನೆ ಅವನು 90 ವರ್ಷ ಬದುಕಿದ ಎನ್ನುತ್ತದೆ. ಬೈಜಾಂಟಿಯಮ್ ಕಾಲದ ಒಂದು ಕೋಶ 97 ಎನ್ನುತ್ತದೆ. ಅಂತೂ ದೀರ್ಘಾಯುಷಿ. ಅಪ್ಪನ ಹೆಸರು ಥರ್ಸಾಂಡರ್. ತಿಮೊಥಿಯಸ್ಸನ ವೃತ್ತಿಯನ್ನು ಗ್ರೀಕರು ಕಿಥಾರೋಡ ಎನ್ನುತ್ತಿದ್ದರು, ಅಂದರೆ ಕಿಥಾರ ಎಂಬ ವಾದ್ಯವನ್ನು ತಾನೇ ನುಡಿಸುತ್ತ, ತಾನೇ ಕಟ್ಟಿದ ಪದವನ್ನು ತಾನೇ ಹಾಡುವವನು. ಪಾದದವರೆಗೆ ಇಳಿಬಿದ್ದ ಕಸೂತಿ ಅಂಗಿ ತೊಟ್ಟು, ಎತ್ತರದ ವೇದಿಕೆಯ ಮೇಲೆ ಒಬ್ಬನೇ ನಿಂತು, ಸಾವಿರಾರು ಜನರ ಎದುರು ಹಾಡುವ ಕೆಲಸ. ಹಿಂದೆ ಪಕ್ಕವಾದ್ಯ ಇಲ್ಲ. ಮೈಕ್ ಅಂತೂ ಇಲ್ಲವೇ ಇಲ್ಲ.

ದುಡ್ಡಿಗೆ ಕೊರತೆ ಇರಲಿಲ್ಲ. ಅಥೆನ್ಸಿನ ದೊಡ್ಡ ಹಬ್ಬ ಪ್ಯಾನಥೆನಾಯದಲ್ಲಿ ಕೊಡುತ್ತಿದ್ದ ಬಹುಮಾನಗಳ ಪಟ್ಟಿ ಕೆತ್ತಿದ ಕಲ್ಲು ಸಿಕ್ಕಿದೆ, ಸುಮಾರು ಕ್ರಿ.ಪೂ. 380ರದ್ದು. ಅದರಲ್ಲಿ ಮೊದಲ ಬಹುಮಾನ ಪಡೆದ ಕಿಥಾರೋಡನಿಗೆ 1000 ದ್ರಾಕ್ಮಾ ಬೆಲೆಯ ಚಿನ್ನದ ಕಿರೀಟ, ಮೇಲೆ 500 ದ್ರಾಕ್ಮಾ ಬೆಳ್ಳಿ. ಅದೇ ಊರಿನಲ್ಲಿ ದೇವಸ್ಥಾನ ಕಟ್ಟುವ ಕುಶಲ ಕೆಲಸಗಾರನ ದಿನಗೂಲಿ ಒಂದು ದ್ರಾಕ್ಮಾ. ಲೆಕ್ಕ ನೀವೇ ಹಾಕಿಕೊಳ್ಳಿ. ಎಫೆಸಸ್ಸಿನ ಜನ ಆರ್ಟೆಮಿಸ್ ದೇವಿಯ ಮೇಲೆ ಹಾಡು ಕಟ್ಟಿಸಲು ತಿಮೊಥಿಯಸ್ಸನಿಗೆ ಸಾವಿರ ಚಿನ್ನದ ನಾಣ್ಯ ಕೊಟ್ಟರೆಂಬ ಮಾತೂ ಇದೆ. ಇನ್ನೊಂದು ಕಥೆಯಲ್ಲಿ ಅವನು ಮ್ಯಾಸಿಡೋನಿಯಾದ ದೊರೆ ಆರ್ಕೆಲಾಸನ ಆಸ್ಥಾನದಲ್ಲಿದ್ದಾನೆ. ಸಂಭಾವನೆ ಕಡಿಮೆಯಾಯಿತೆಂದು ಅಸಮಾಧಾನ. ಬಾಯಿ ಬಿಟ್ಟು ಕೇಳದೆ, ಮಣ್ಣಿನಿಂದ ಹುಟ್ಟಿದ ಬೆಳ್ಳಿಯನ್ನು ನೀನು ಹೊಗಳುತ್ತೀ ಎಂಬ ಸಾಲನ್ನು ದೊರೆಯ ಕಡೆ ತಿರುಗಿ ತಿರುಗಿ ಹಾಡಿದನಂತೆ. ದೊರೆ ತಟ್ಟನೆ ಹೇಳಿದ: ನಾನು ಹೊಗಳುತ್ತೇನೆ, ನೀನು ಬೇಡುತ್ತೀಯ.

ಈಗ ತಂತಿಯ ವಿಷಯಕ್ಕೆ ಬರೋಣ. ಎಲ್ಲ ಜಗಳವೂ ಅಲ್ಲೇ ಇದೆ.

ನಮ್ಮಲ್ಲಿ ವೀಣೆ ನೋಡಿದವರಿಗೆ ತಂತಿಯ ಎಣಿಕೆ ಇಷ್ಟು ದೊಡ್ಡ ವಿಷಯ ಹೇಗಾಯಿತು ಅನ್ನಿಸಬಹುದು. ವೀಣೆಯಲ್ಲಿ ಒಂದೇ ತಂತಿಯನ್ನು ಮೆಟ್ಟಿಲ ಮೇಲೆ ಒತ್ತಿ ಹತ್ತಾರು ಸ್ವರ ತೆಗೆಯುತ್ತೇವೆ, ಎಳೆದು ಗಮಕ ಹಿಡಿಯುತ್ತೇವೆ. ಕಿಥಾರದಲ್ಲಿ ಮೆಟ್ಟಿಲು ಇಲ್ಲ, ಬೆರಳು ಒತ್ತುವ ಪಟ್ಟಿಯೂ ಇಲ್ಲ. ಕೆಳಗೆ ಮರದ ಗಟ್ಟಿ ಪೆಟ್ಟಿಗೆ, ಅದರಿಂದ ಮೇಲೆದ್ದ ಎರಡು ತೋಳು, ತೋಳುಗಳ ನಡುವೆ ಒಂದು ಅಡ್ಡಪಟ್ಟಿ. ಆ ಅಡ್ಡಪಟ್ಟಿಯಿಂದ ಪೆಟ್ಟಿಗೆಗೆ ಬಿಗಿದ ಕರುಳಿನ ತಂತಿಗಳು, ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದ. ಬಲಗೈಯಲ್ಲಿ ಮೀಟುವ ಕಡ್ಡಿ. ಎಡಗೈ ಬೆರಳು ಹಿಂದಿನಿಂದ ಬಂದು ತಂತಿ ಮುಟ್ಟಿ ನಾದ ಅಡಗಿಸುತ್ತದೆ, ಇಲ್ಲವೇ ತಾನೇ ಮೀಟುತ್ತದೆ. ಒಂದು ತಂತಿಗೆ ಒಂದು ಸ್ವರ. ಏಳು ತಂತಿ ಇದ್ದರೆ ಏಳು ಸ್ವರ. ಹಾಡಿನ ನಡುವೆ ಬೇರೆ ಮೇಳಕ್ಕೆ ದಾಟಬೇಕೆಂದರೆ ನಿಲ್ಲಿಸಿ ಶ್ರುತಿ ಬದಲಿಸಬೇಕು. ಇನ್ನು ನಾಲ್ಕು ತಂತಿ ಕಟ್ಟಿಕೊಂಡವನಿಗೆ ಆ ಕಾಟ ಇಲ್ಲ, ಅವನು ಹಾಡುತ್ತಲೇ ದಾಟಬಹುದು. ಶಾಂತವಾಗಿ ಶುರುವಾದದ್ದನ್ನು ಅರಚಾಟಕ್ಕೆ, ಅರಚಾಟದಿಂದ ಅಳುವಿಗೆ, ಅಳುವಿನಿಂದ ಜಯಘೋಷಕ್ಕೆ ಒಂದೇ ಉಸಿರಿನಲ್ಲಿ ಕೊಂಡೊಯ್ಯಬಹುದು. ಹಳಬರಿಗೆ ಸಿಟ್ಟು ಬಂದದ್ದು ಇದಕ್ಕೆ. ಒಂದು ಹಾಡು ಒಂದು ಭಾವದಲ್ಲಿ ನೆಟ್ಟಗೆ ನಿಲ್ಲಬೇಕು ಎಂಬುದು ಅವರ ಪಟ್ಟು.

ಈ ಪಟ್ಟಿಗೆ ತತ್ತ್ವದ ಬಲ ಕೊಟ್ಟವನು ಪ್ಲೇಟೋ. ಸಂಗೀತದ ರೀತಿ ಬದಲಾದರೆ ರಾಜ್ಯದ ದೊಡ್ಡ ಕಾನೂನುಗಳೂ ಅಲುಗಾಡುತ್ತವೆ ಎಂದು ಒಂದು ಕಡೆ ಬರೆಯುತ್ತಾನೆ. ಮುಪ್ಪಿನಲ್ಲಿ ಬರೆದ ಇನ್ನೊಂದು ಗ್ರಂಥದಲ್ಲಿ, ಕವಿಗಳು ಎಲ್ಲ ಬಗೆಯ ಹಾಡನ್ನೂ ಕಲಸಿಬಿಟ್ಟರು, ಜನಕ್ಕೆ ಚಪ್ಪಾಳೆ ಹೊಡೆದು ತೀರ್ಪು ಕೊಡುವ ಚಟ ಹಿಡಿಸಿದರು, ಅಲ್ಲಿಂದಲೇ ಅಥೆನ್ಸಿನಲ್ಲಿ ಯಾರೂ ಯಾರ ಮಾತೂ ಕೇಳದಂತಾಯಿತು ಎಂದು ಗೊಣಗುತ್ತಾನೆ. ಅಲ್ಲಿ ತಿಮೊಥಿಯಸ್ಸನ ಹೆಸರು ಎತ್ತುವುದಿಲ್ಲ. ಆದರೆ ಓದಿದವರು ಆ ಜಾಗದಲ್ಲಿ ಅವನ ಹೆಸರನ್ನು ತುಂಬಿಕೊಂಡರು.

ಸ್ಪಾರ್ಟಾದ ಕಥೆಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅಲ್ಲಿ ಈಫೋರ್ ಎಂಬ ಅಧಿಕಾರಿಗಳಿದ್ದರು. ವರ್ಷಕ್ಕೆ ಐವರು, ಭಾರಿ ದರ್ಪದವರು. ಕಾರ್ನೇಯ ಹಬ್ಬದಲ್ಲಿ ತಿಮೊಥಿಯಸ್ ಸ್ಪರ್ಧೆಗೆ ನಿಂತಾಗ ಒಬ್ಬ ಈಫೋರ್ ಚೂರಿ ಹಿಡಿದು ಬಂದನಂತೆ. ಏಳಕ್ಕಿಂತ ಹೆಚ್ಚಾಗಿರುವ ತಂತಿಗಳನ್ನು ಯಾವ ಕಡೆಯಿಂದ ಕತ್ತರಿಸಲಿ, ನೀನೇ ಹೇಳು ಎಂದು ಕೇಳಿದನಂತೆ. ಇದು ಪ್ಲುಟಾರ್ಕನ ಬರಹಗಳಲ್ಲಿ ಸಿಗುವ ಕಥೆ. ಒಳ್ಳೆ ಕಥೆ. ಆದರೆ ಅದೇ ಪ್ಲುಟಾರ್ಕ್ ಇನ್ನೊಂದು ಕಡೆ, ಎಕ್ಪ್ರೇಪಿಸ್ ಎಂಬ ಈಫೋರ್ ಬಾಚಿ ತೆಗೆದುಕೊಂಡು ಫ್ರೀನಿಸನ ಒಂಬತ್ತು ತಂತಿಯಲ್ಲಿ ಎರಡನ್ನು ಕಡಿದುಹಾಕಿದ, ತಿಮೊಥಿಯಸ್ಸನ ಕಾಲದ ಈಫೋರರೂ ಹಾಗೆಯೇ ಮಾಡಿದರು ಎನ್ನುತ್ತಾನೆ. ಅಷ್ಟೇ ಅಲ್ಲ. ಅವರಿಗಿಂತ ಎರಡು ಶತಮಾನಕ್ಕೂ ಹಿಂದಿನ, ಸ್ಪಾರ್ಟಾದವರೇ ತಲೆಮೇಲೆ ಹೊತ್ತುಕೊಂಡಿದ್ದ ಟರ್ಪ್ಯಾಂಡರ್ ಒಂದೇ ಒಂದು ತಂತಿ ಹೆಚ್ಚು ಕಟ್ಟಿದ್ದಕ್ಕೆ ಅವನಿಗೂ ದಂಡ ಹಾಕಿ, ಕಿಥಾರವನ್ನು ಮೊಳೆ ಹೊಡೆದು ತೂಗುಹಾಕಿದರು ಎಂಬ ಕಥೆಯೂ ಅಲ್ಲೇ ಇದೆ.

ಮೂವರು ಗಾಯಕರು, ಕಥೆ ಒಂದೇ. ಚೂರಿ ಬಾಚಿಯಾಗುತ್ತದೆ, ಒಂದು ತಂತಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೊಸತಾಗಿ ಹಾಡಿದವನೊಬ್ಬ, ಹಳತನ್ನು ಕಾಯುವ ಸ್ಪಾರ್ಟಾ: ಈ ಜೋಡಿ ಸಿಕ್ಕಿದಲ್ಲೆಲ್ಲ ಕಥೆ ತಾನಾಗಿ ಹುಟ್ಟಿಕೊಳ್ಳುತ್ತದೆ.

ಇನ್ನೊಂದು ಪಾಠದಲ್ಲಿ ತಿಮೊಥಿಯಸ್ ಗೆಲ್ಲುತ್ತಾನೆ. ಯಾರೋ ಒಬ್ಬ ತಂತಿ ಕತ್ತರಿಸಲು ಮುಂದೆ ಬಂದಾಗ, ಅಲ್ಲೇ ಇದ್ದ ಅಪೋಲೋ ದೇವರ ಚಿಕ್ಕ ವಿಗ್ರಹದ ಕಡೆ ಕೈ ತೋರಿಸಿದನಂತೆ. ದೇವರ ಕೈಯಲ್ಲಿದ್ದ ಲೈರ್ ಎಂಬ, ಕಿಥಾರದ ಜಾತಿಯ ವಾದ್ಯಕ್ಕೂ ಅಷ್ಟೇ ತಂತಿ. ಬಿಟ್ಟುಬಿಟ್ಟರು. ಇದನ್ನು ಅಥೆನೇಯಸ್ ಎಂಬ ಲೇಖಕ ಉಳಿಸಿಕೊಟ್ಟಿದ್ದಾನೆ. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿದ ಪಾಸೇನಿಯಸ್ ಮತ್ತೆ ಬೇರೆಯೇ ಹೇಳುತ್ತಾನೆ. ಸ್ಪಾರ್ಟಾದ ಸಭೆ ಸೇರುವ ಕಟ್ಟಡದಲ್ಲಿ ತಿಮೊಥಿಯಸ್ಸನ ಕಿಥಾರವನ್ನು ನೇತುಹಾಕಿದ್ದರು, ಹಳೆಯ ಏಳು ತಂತಿಗೆ ನಾಲ್ಕು ಸೇರಿಸಿದ ತಪ್ಪಿಗೆ ಎನ್ನುತ್ತಾನೆ. ಹಾಗಾದರೆ ಆ ವಾದ್ಯದ ಗತಿ ಏನಾಯಿತು? ತಂತಿ ಕತ್ತರಿಸಿದರೋ, ವಾದ್ಯವನ್ನೇ ಕಿತ್ತುಕೊಂಡರೋ, ಮಾನದಿಂದ ಮರಳಿಸಿದರೋ? ಎಲ್ಲವೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಇನ್ನು ಎಣಿಕೆ ನೋಡಿ: ಫೆರೆಕ್ರೇಟಿಸ್‌ಗೆ ಹನ್ನೆರಡು, ಪಾಸೇನಿಯಸ್‌ಗೆ ಹನ್ನೊಂದು, ಬೈಜಾಂಟಿಯಮ್ಮಿನ ಕೋಶದ ಪ್ರಕಾರ ತಿಮೊಥಿಯಸ್ ಸೇರಿಸಿದ್ದು ಹತ್ತನೆಯದು ಮತ್ತು ಹನ್ನೊಂದನೆಯದು ಮಾತ್ರ.

ಇವೆಲ್ಲಕ್ಕೂ ಕಳಶ ಇಟ್ಟ ಹಾಗೆ ಒಂದು ಸರ್ಕಾರಿ ಆದೇಶವೂ ಇದೆ. ಕ್ರಿ.ಶ. 6ನೇ ಶತಮಾನದ ಆರಂಭದಲ್ಲಿ ರೋಮಿನ ಬೋಎಥಿಯಸ್ ಲ್ಯಾಟಿನ್ನಿನಲ್ಲಿ ಸಂಗೀತಶಾಸ್ತ್ರ ಬರೆದಾಗ, ಮೊದಲ ಅಧ್ಯಾಯದಲ್ಲೇ ಸ್ಪಾರ್ಟಾದ ಆದೇಶವೆಂದು ಗ್ರೀಕ್ ಪಠ್ಯವನ್ನು ಹಾಗೇ ಇಟ್ಟಿದ್ದಾನೆ. ಅದರ ಸಾರ ಇದು: ಮಿಲೇಟಸ್ಸಿನ ತಿಮೊಥಿಯಸ್ ನಮ್ಮ ಊರಿಗೆ ಬಂದು ಹಳೆಯ ಸಂಗೀತವನ್ನು ಅವಮಾನ ಮಾಡಿದ್ದಾನೆ, ಏಳು ತಂತಿ ಬಿಟ್ಟು ಬಹುತಂತಿ ನುಡಿಸಿ ಹುಡುಗರ ಕಿವಿ ಕೆಡಿಸಿದ್ದಾನೆ, ಡಯೋನೈಸಸ್ ದೇವರ ತಾಯಿ ಸೆಮೆಲೆಯ ಹೆರಿಗೆಯ ಕಥೆಯನ್ನು ಹುಡುಗರ ಮುಂದೆ ಹೇಳಬಾರದ ರೀತಿಯಲ್ಲಿ ಹಾಡಿದ್ದಾನೆ, ಆದ್ದರಿಂದ ದೊರೆಗಳೂ ಈಫೋರರೂ ಅವನಿಗೆ ಛೀಮಾರಿ ಹಾಕಿ, ಹನ್ನೊಂದರಲ್ಲಿ ಹೆಚ್ಚಿನದನ್ನು ಕತ್ತರಿಸಿ ಏಳು ಉಳಿಸುವಂತೆ ಮಾಡತಕ್ಕದ್ದು. ಕಚೇರಿಯ ಕಡತದ ಧಾಟಿ ಚೆನ್ನಾಗಿಯೇ ಇದೆ. ತೊಂದರೆ ಭಾಷೆಯದ್ದು. ಸ್ಪಾರ್ಟಾದ ಆಡುನುಡಿಯಲ್ಲಿ ಕೆಲವು ಪದಗಳ ಕೊನೆಯ ಸಕಾರ ರೇಫವಾಗುವ ಅಭ್ಯಾಸ ಬಹಳ ತಡವಾಗಿ ಬಂದದ್ದು. ಈ ಆದೇಶದಲ್ಲಿ ಅದು ಧಾರಾಳವಾಗಿದೆ, ಬರಬಾರದ ಕಡೆಯೂ ಇದೆ. ಊರ ಭಾಷೆ ಗೊತ್ತಿಲ್ಲದವನು ಸಿನಿಮಾದಲ್ಲಿ ಅದರ ಅಣಕು ಮಾಡುವ ಹಾಗೆ. ಇದು ತಿಮೊಥಿಯಸ್ ಸತ್ತು ಎಷ್ಟೋ ಶತಮಾನಗಳ ಮೇಲೆ ಯಾರೋ ಹಳೆಯದೆಂದು ತೋರಿಸಲು ಸೃಷ್ಟಿಸಿದ ಪಠ್ಯ ಎಂಬುದರಲ್ಲಿ ಇವತ್ತಿನ ವಿದ್ವಾಂಸರಿಗೆ ಅನುಮಾನವಿಲ್ಲ.

ಹಾಗಾದರೆ ಎಲ್ಲವೂ ಕಟ್ಟುಕಥೆಯೋ? ಬೆಂಕಿ ಇಲ್ಲದೆ ಹೊಗೆ ಇಲ್ಲ. ಆ ಬೆಂಕಿ ಎಲ್ಲಿತ್ತೆಂಬುದು ಗೊತ್ತಾದದ್ದು 1902ರಲ್ಲಿ.

ಆ ವರ್ಷ ಜರ್ಮನಿಯ ಲುಡ್ವಿಗ್ ಬೋರ್ಕಾರ್ಟ್ ಈಜಿಪ್ಟಿನ ಅಬುಸಿರ್‌ನಲ್ಲಿ ಅಗೆಯುತ್ತಿದ್ದಾಗ ಒಂದು ಸಮಾಧಿಯಲ್ಲಿ ಪಪೈರಸ್ಸಿನ ಸುರುಳಿ ಸಿಕ್ಕಿತು. ಕ್ರಿ.ಪೂ. 4ನೇ ಶತಮಾನದ್ದು. ಅಂದರೆ ತಿಮೊಥಿಯಸ್ ತೀರಿಕೊಂಡು ಒಂದೆರಡು ತಲೆಮಾರು ಕಳೆಯುವ ಮೊದಲೇ ಬರೆದ ಪ್ರತಿ, ನಮಗೆ ದೊರೆತಿರುವ ಗ್ರೀಕ್ ಪುಸ್ತಕಗಳಲ್ಲೆಲ್ಲ ಬಹಳ ಹಳೆಯವುಗಳಲ್ಲಿ ಒಂದು. ಮರುವರ್ಷವೇ ಜರ್ಮನ್ ವಿದ್ವಾಂಸ ವಿಲಮೊವಿಟ್ಸ್ ಅದನ್ನು ಅಚ್ಚುಮಾಡಿದ. ಈಗ ಬರ್ಲಿನ್ನಿನಲ್ಲಿದೆ. ಅಗಲ ಅಗಲ ಕಾಲಮ್ಮುಗಳಲ್ಲಿ, ಪದ್ಯದ ಸಾಲು ಒಡೆಯದೆ, ಗದ್ಯದಂತೆ ಉದ್ದಕ್ಕೆ ಬರೆದುಕೊಂಡು ಹೋಗಿದ್ದಾರೆ. ಸ್ವರಲಿಪಿ ಇಲ್ಲ, ಸಾಹಿತ್ಯ ಮಾತ್ರ. ತಿಮೊಥಿಯಸ್ಸನ ಒಂದು ಸ್ವರವೂ ನಮಗೆ ಉಳಿದಿಲ್ಲ. ಆದರೆ ಅವನ ಮಾತು, ಇನ್ನೂರಕ್ಕೂ ಹೆಚ್ಚು ಸಾಲು, ಎರಡು ಸಾವಿರ ವರ್ಷ ದಾಟಿ ಮೊದಲ ಸಲ ಅವನ ಬಾಯಿಂದಲೇ ಬಂದಂತೆ ಕೇಳಿಸಿತು.

ಈ ಹಾಡಿನ ಹೆಸರು 'ಪರ್ಷಿಯನ್ನರು'. ವಸ್ತು ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧ. ಗೆದ್ದ ಗ್ರೀಕರ ಕಥೆಯನ್ನು ಅವನು ಸೋತವರ ಬಾಯಲ್ಲಿ ಹೇಳಿಸುತ್ತಾನೆ, ಅದರಲ್ಲೇ ಅವನ ಚಮತ್ಕಾರ. ಒಬ್ಬ ಪರ್ಷಿಯನ್ ಸೈನಿಕ ಮುಳುಗುತ್ತಿದ್ದಾನೆ. ಉಪ್ಪುನೀರು ಕುಡಿಯುತ್ತಾನೆ, ಕಾರುತ್ತಾನೆ, ಹಲ್ಲು ಕಡಿಯುತ್ತಾನೆ, ಆ ಸ್ಥಿತಿಯಲ್ಲೂ ಸಮುದ್ರಕ್ಕೆ ಬೈಯುತ್ತಾನೆ: ಹಿಂದೆ ನಿನ್ನ ಕೊರಳಿಗೆ ನಾರಿನ ಹಗ್ಗದ ನೊಗ ಬಿಗಿದಿದ್ದೆವು, ನೆನಪಿದೆಯೇ, ಈಗ ನಮ್ಮ ದೊರೆ ಬಂದು ನಿನ್ನನ್ನು ಕಡೆದುಹಾಕುತ್ತಾನೆ! ದೊರೆ ಜೆರ್ಕ್ಸಿಸ್ ಹೆಲೆಸ್ಪಾಂಟ್ ಜಲಸಂಧಿಗೆ ದೋಣಿಗಳ ಸೇತುವೆ ಕಟ್ಟಿಸಿದ್ದನ್ನು ನೆನೆಸಿಕೊಂಡು ಹೇಳುವ ಮಾತು. ಸಾಯುವವನಿಗೂ ಠೇಂಕಾರ ಹೋಗಿಲ್ಲ. ಇನ್ನೊಂದು ಕಡೆ ಬೆತ್ತಲೆ ಮೈಯಲ್ಲಿ ಚಳಿಗೆ ನಡುಗುತ್ತ ದಡದ ಬಂಡೆಗಳ ಮೇಲೆ ಕುಳಿತವರು ತಮ್ಮೂರಿನ ಕಾಡು ಕಣಿವೆಗಳನ್ನು ಕರೆದು ಅಳುತ್ತಾರೆ.

ಮುಂದಿನ ದೃಶ್ಯ ಇನ್ನೂ ಬೇರೆ. ಕೆಲೇನೆ ಎಂಬ ಊರಿನವನೊಬ್ಬನನ್ನು ಗ್ರೀಕ್ ಸೈನಿಕ ಜುಟ್ಟು ಹಿಡಿದು ಎಳೆಯುತ್ತಿದ್ದಾನೆ. ಅವನು ಕಾಲು ಕಟ್ಟಿಕೊಂಡು, ಬಾರದ ಗ್ರೀಕಿನಲ್ಲಿ ತೊದಲುತ್ತಾನೆ. ನಾನು ನಿನಗೆ ಹೇಗೆ, ಏನು ಕೆಲಸ. ನಾನು ಮತ್ತೆ ಇಲ್ಲಿ ಬರೋದು ಇಲ್ಲ. ನನ್ನ ಯಜಮಾನ ತಂದದ್ದು ಇಲ್ಲಿ. ಇನ್ನು ಅಪ್ಪಾ ಜಗಳ ಇಲ್ಲ ಇಲ್ಲಿ. ಹೆಚ್ಚುಕಡಿಮೆ ಈ ಧಾಟಿ. ಜನ ನಕ್ಕಿರಬೇಕು. ಆದರೆ ನಕ್ಕವರಲ್ಲಿ ಕೆಲವರಿಗಾದರೂ ಗಂಟಲು ಕಟ್ಟಿರಬೇಕು ಎಂದು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ. ಒಬ್ಬನೇ ಗಾಯಕ, ಒಂದೇ ವಾದ್ಯ. ಮುಳುಗುವವನ ಏದುಸಿರು, ತೊದಲುವವನ ಭಾಷೆ, ದೊರೆಯ ಗೋಳು, ಗೆದ್ದವರ ಕುಣಿತ, ಎಲ್ಲವನ್ನೂ ಒಂದೇ ಕಂಠದಲ್ಲಿ ತರಬೇಕು. ಏಳು ತಂತಿ ಅವನಿಗೆ ಯಾಕೆ ಸಾಲಲಿಲ್ಲ ಎಂಬುದು ಈ ಸಾಲುಗಳನ್ನು ಓದಿದ ಮೇಲೆ ಅರ್ಥವಾಗುತ್ತದೆ.

ಎಲ್ಲವೂ ಚೆನ್ನಾಗಿದೆ ಎಂದು ನಾನು ವಕಾಲತ್ತು ವಹಿಸುವುದಿಲ್ಲ. ಹಲ್ಲು ಎನ್ನುವ ಬದಲು ಬಾಯಿಯ ಹೊಳೆವ ಬಿಳಿಯ ಮಕ್ಕಳು ಎನ್ನುತ್ತಾನೆ. ಹುಟ್ಟುಗಳಿಗೆ ಹಡಗಿನ ಮರದ ಕೈಗಳು ಎನ್ನುತ್ತಾನೆ. ಹತ್ತು ಸಾಲಿಗೆ ಒಂದು ಬಂದರೆ ಸೊಗಸು, ಸಾಲಿಗೆ ಎರಡು ಬಂದರೆ ಕಷ್ಟ. ಸಮಕಾಲೀನರೂ ಸುಮ್ಮನೆ ಕೂತಿರಲಿಲ್ಲ. ಅವನು ಆರ್ಟೆಮಿಸ್ ದೇವಿಯನ್ನು ಹುಚ್ಚು ಹಿಡಿದವಳೇ, ಮೈಮೇಲೆ ಬಂದವಳೇ, ಕೆರಳಿದವಳೇ ಎಂದು ಒಂದೇ ಸಮನೆ ಕರೆಯುತ್ತ ಹೋದಾಗ, ಸಭೆಯಲ್ಲಿದ್ದ ಕಿನೇಸಿಯಸ್ ಎದ್ದು ನಿಂತು, ನಿನಗೆ ಅಂಥದೇ ಮಗಳು ಹುಟ್ಟಲಿ ಎಂದನಂತೆ. ಬಿರುಗಾಳಿಯನ್ನು ವಾದ್ಯದಲ್ಲಿ ತೋರಿಸಿದ್ದನ್ನು ಕೇಳಿ ಡೋರಿಯನ್ ಎಂಬ ಕಲಾವಿದ, ಕುದಿಯುವ ಪಾತ್ರೆಯಲ್ಲಿ ಇದಕ್ಕಿಂತ ದೊಡ್ಡ ಬಿರುಗಾಳಿ ನೋಡಿದ್ದೇನೆ ಎಂದ. ಸೆಮೆಲೆ ದೇವಶಿಶುವನ್ನು ಹೆರುವ ಹಾಡಿನಲ್ಲಿ ಹೆರಿಗೆ ಬೇನೆಯ ಕೂಗು ಜೋರಾಗಿತ್ತು. ಅದನ್ನು ಕೇಳಿದ ಸ್ಟ್ರಾಟೋನಿಕಸ್ ಎಂಬ ಕಿಥಾರವಾದಕ, ದೇವರನ್ನು ಹೆರುವುದಕ್ಕೇ ಇಷ್ಟು, ಗುತ್ತಿಗೆದಾರನನ್ನು ಹೆತ್ತಿದ್ದರೆ ಇನ್ನೆಷ್ಟು ಕಿರುಚುತ್ತಿದ್ದಳೋ ಎಂದ. ಗುತ್ತಿಗೆದಾರರ ಮೇಲಿನ ಅಭಿಪ್ರಾಯ ಆಗಲೂ ಹಾಗೇ ಇತ್ತೆಂದು ಕಾಣುತ್ತದೆ.

ಮತ್ತೆ ಪಪೈರಸ್ಸಿಗೆ. ಹಾಡಿನ ಕೊನೆಯ ಭಾಗ ಶುರುವಾಗುವ ಜಾಗದಲ್ಲಿ ಅಂಚಿನಲ್ಲಿ ಲಿಪಿಕಾರ ಒಂದು ಹಕ್ಕಿಯ ಚಿತ್ರ ಬರೆದಿದ್ದಾನೆ. ಹೊಸ ಭಾಗ ಬಂತು ಎಂಬ ಗುರುತು. ಅಲ್ಲಿಂದ ಮುಂದೆ ತಿಮೊಥಿಯಸ್ ತನ್ನ ಮಾತು ಆಡುತ್ತಾನೆ. ನಮ್ಮ ಕೀರ್ತನೆಗಳ ಅಂಕಿತದ ಹಾಗೆ ಹೆಸರು ಹೇಳಿ ಮುಗಿಸುವುದಿಲ್ಲ. ದೊಡ್ಡ ವಾದವನ್ನೇ ಹೂಡುತ್ತಾನೆ. ಅಪೋಲೋ, ನನಗೆ ನೆರವಾಗು ಎನ್ನುತ್ತಾನೆ. ಸ್ಪಾರ್ಟಾದ ಹಿರಿಯ ಕುಲದ ಜನ ನನ್ನ ಮೇಲೆ ಕೆಂಡ ಕಾರುತ್ತಿದ್ದಾರೆ, ಹೊಸ ಹಾಡಿನಿಂದ ಹಳೆಯ ಸಂಗೀತದೇವಿಗೆ ಅವಮಾನ ಮಾಡುತ್ತೇನೆಂದು ನನ್ನನ್ನು ಅಟ್ಟಾಡಿಸುತ್ತಿದ್ದಾರೆ. ಆದರೆ ನಾನು ಚಿಕ್ಕವರನ್ನಾಗಲಿ ಮುದುಕರನ್ನಾಗಲಿ ನನ್ನ ಓರಗೆಯವರನ್ನಾಗಲಿ ದೂರ ಇಡುವುದಿಲ್ಲ, ದೂರ ಇಡುವುದು ಹಾಡು ಕೆಡಿಸುವವರನ್ನು, ಡಂಗುರದವರ ಹಾಗೆ ಗಂಟಲು ಹರಿದುಕೊಳ್ಳುವವರನ್ನು. ಆಮೇಲೆ ವಂಶಾವಳಿ: ಮೊದಲು ಪುರಾಣದ ಗಾಯಕ ಆರ್ಫಿಯಸ್ ಲೈರನ್ನು ಹುಟ್ಟಿಸಿದ, ಆಮೇಲೆ ಲೆಸ್ಬೋಸಿನ ಟರ್ಪ್ಯಾಂಡರ್, ಈಗ ತಿಮೊಥಿಯಸ್ ಹನ್ನೊಂದು ಮಿಡಿತದ ಲಯಗಳಿಂದ ಕಿಥಾರಕ್ಕೆ ಮರುಹುಟ್ಟು ಕೊಡುತ್ತಿದ್ದಾನೆ.

ನೋಡಿ, ಆಮೇಲಿನ ಕಥೆಗಳಿಗೆ ಬೇಕಾದದ್ದೆಲ್ಲ ಇಲ್ಲೇ ಇದೆ. ಸ್ಪಾರ್ಟಾದ ಸಿಟ್ಟು ಇದೆ, ಹಳೆಯ ಸಂಗೀತಕ್ಕೆ ಅವಮಾನ ಎಂಬ ಆಪಾದನೆ ಇದೆ, ಹನ್ನೊಂದು ಎಂಬ ಅಂಕಿ ಇದೆ. ಮೂರನ್ನೂ ಹೇಳಿಕೊಂಡವನು ಆಪಾದಿತನೇ. ಈ ಹಾಡನ್ನು ಊರೂರಲ್ಲಿ, ತಲೆಮಾರುಗಟ್ಟಲೆ ಹಾಡುತ್ತಿದ್ದರು. ಕೇಳಿದವರು ಸ್ಪಾರ್ಟಾದವರು ಆಮೇಲೆ ಏನು ಮಾಡಿದರಂತೆ ಎಂದು ಕೇಳದೆ ಇರುತ್ತಾರೆಯೇ? ಉತ್ತರ ಹೇಳುವವರಿಗೆ ಚೂರಿ ಬೇಕಾಯಿತು, ಬಾಚಿ ಬೇಕಾಯಿತು, ಕೊನೆಗೆ ಆದೇಶವೇ ಬೇಕಾಯಿತು. ನನ್ನ ಮಟ್ಟಿಗೆ ಸ್ಪಾರ್ಟಾದ ಕಥೆಗಳೆಲ್ಲ ಈ ನಲವತ್ತರಷ್ಟು ಸಾಲಿನ ಒಳಗಿನಿಂದ ಬೆಳೆದವು. ಸ್ಪಾರ್ಟಾದಲ್ಲಿ ನಿಜವಾಗಿ ಯಾರೋ ಗೊಣಗಿರಬಹುದು. ಹಾಡಿ ಹೆಸರು ಮಾಡುವವನಿಗೆ ಅಂಥ ಗೊಣಗಾಟ ಬಂಗಾರ.

ಇನ್ನೊಂದು ತುಣುಕಿನಲ್ಲಿ ಅವನ ದನಿ ಇನ್ನೂ ಬಿಸಿಯಾಗಿದೆ. ಹಳೆಯದನ್ನು ನಾನು ಹಾಡುವುದಿಲ್ಲ, ನನ್ನ ಹೊಸತೇ ಮೇಲು. ಈಗ ಆಳುವವನು ಕಿರಿಯ ಜ್ಯೂಸ್, ಅವನಪ್ಪ ಕ್ರೋನಸ್ಸನ ಆಳಿಕೆ ಮುಗಿದ ಮಾತು, ಹಳೆಯ ಸಂಗೀತದೇವಿ ತೊಲಗಲಿ. ಮತ್ತೊಂದು ಕಡೆ ಫ್ರೀನಿಸನನ್ನು ಸ್ಪರ್ಧೆಯಲ್ಲಿ ಸೋಲಿಸಿದ ದಿನ ನೆನೆದು, ನಿನ್ನ ಹೆಸರನ್ನು ಸಾರಿದಾಗ ನೀನು ಎಷ್ಟು ಧನ್ಯನಾದೆ ತಿಮೊಥಿಯಸ್ ಎಂದು ತನ್ನನ್ನೇ ಮುದ್ದು ಮಾಡಿಕೊಳ್ಳುತ್ತಾನೆ. ಒಂದು ಹಾಡಿನಲ್ಲಿ ಆರ್ಫಿಯಸ್, ಟರ್ಪ್ಯಾಂಡರ್ ಸಾಲಿನ ವಾರಸುದಾರ, ಇನ್ನೊಂದರಲ್ಲಿ ಹಳೆಯದನ್ನೆಲ್ಲ ಹೊರಗೆ ಹಾಕುವವನು. ಸಭೆ ನೋಡಿ ಮಾತು ಬದಲಿಸುವ ಜಾಣ. ಅರಿಸ್ಟಾಟಲ್ ಈ ಜಂಬಕ್ಕೆ ಒಂದೇ ಸಾಲಿನಲ್ಲಿ ಲೆಕ್ಕ ಚುಕ್ತಾ ಮಾಡಿದ್ದಾನೆ: ತಿಮೊಥಿಯಸ್ ಇಲ್ಲದಿದ್ದರೆ ನಮಗೆ ಎಷ್ಟೋ ಸಂಗೀತ ಸಿಗುತ್ತಿರಲಿಲ್ಲ, ಆದರೆ ಫ್ರೀನಿಸ್ ಇಲ್ಲದಿದ್ದರೆ ತಿಮೊಥಿಯಸ್ಸೇ ಇರುತ್ತಿರಲಿಲ್ಲ. ಇಡೀ ಪ್ರಾಚೀನ ಕಾಲದಲ್ಲಿ ಅವನ ಬಗ್ಗೆ ಬಂದ ಅತಿ ನ್ಯಾಯವಾದ ಮಾತು ಇದು ಎಂದು ನನ್ನ ಎಣಿಕೆ.

ಶುರುವಿನಲ್ಲಿ ಅವನಿಗೆ ಸೋಲೂ ಆಯಿತು. ಜನ ಸಿಳ್ಳೆ ಹೊಡೆದು ಇಳಿಸಿದರು. ಜೀವ ಕಳೆದುಕೊಳ್ಳುವ ಮಟ್ಟಕ್ಕೆ ಕುಗ್ಗಿಹೋಗಿದ್ದ ಎಂದು ಯೂರಿಪಿಡಿಸನ ಚರಿತ್ರೆ ಬರೆದ ಸಾಟಿರಸ್ ಹೇಳುತ್ತಾನೆ. ಆಗ ನಾಟಕಕಾರ ಯೂರಿಪಿಡಿಸ್ ಒಬ್ಬನೇ ಜನರನ್ನು ನೋಡಿ ನಕ್ಕು, ಧೈರ್ಯ ತಗೋ ಎಂದನಂತೆ, 'ಪರ್ಷಿಯನ್ನರು' ಹಾಡಿಗೆ ಪೀಠಿಕೆಯನ್ನೂ ಬರೆದುಕೊಟ್ಟನಂತೆ. ಪ್ಲುಟಾರ್ಕನ ಪ್ರಕಾರ ಅವನು ಹೇಳಿದ್ದು, ಸ್ವಲ್ಪ ದಿನದಲ್ಲೇ ನಾಟಕಮಂದಿರಗಳೆಲ್ಲ ನಿನ್ನ ಕೈಯಲ್ಲಿರುತ್ತವೆ ಎಂದು. ಪೀಠಿಕೆಯ ವಿಷಯವನ್ನು ನಾನು ಪೂರ್ತಿ ನಂಬುವುದಿಲ್ಲ, ದೊಡ್ಡವರಿಬ್ಬರ ನಡುವೆ ಇಂಥ ಸೇತುವೆ ಕಟ್ಟುವುದು ಚರಿತ್ರೆಕಾರರ ಹವ್ಯಾಸ. ಆದರೆ ಯೂರಿಪಿಡಿಸನ ಕೊನೆಗಾಲದ ನಾಟಕಗಳ ಹಾಡುಗಳಲ್ಲಿ ಇದೇ ಹೊಸ ಸಂಗೀತದ ಗಾಳಿ ಬೀಸುತ್ತದೆ. 'ಒರೆಸ್ಟಿಸ್' ನಾಟಕದಲ್ಲಿ ಹೆದರಿದ ಫ್ರಿಜಿಯದ ಗುಲಾಮನೊಬ್ಬ ಬಂದು ಗಾಬರಿಯಲ್ಲಿ ಹಾಡುವ ದೀರ್ಘ ಹಾಡನ್ನು ಕೆಲೇನೆಯವನ ತೊದಲಿನ ಪಕ್ಕ ಇಟ್ಟು ಓದಿ, ನಂಟು ಗೊತ್ತಾಗುತ್ತದೆ.

ಇನ್ನು ಸತ್ತ ಮೇಲಿನ ಬದುಕು. ಸುಮಾರು ಕ್ರಿ.ಪೂ. 205ರಲ್ಲಿ ನೆಮಿಯದ ಕ್ರೀಡೋತ್ಸವ. ಸ್ಪಾರ್ಟಾವನ್ನು ಸೋಲಿಸಿ ಬಂದ ಸೇನಾಪತಿ ಫಿಲೋಪೋಮನ್ ತನ್ನ ಯುವಕರೊಡನೆ ರಂಗಮಂದಿರದೊಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಪಿಲಾಡಿಸ್ ಎಂಬ ಗಾಯಕ 'ಪರ್ಷಿಯನ್ನರು' ಹಾಡಿನ ಮೊದಲ ಸಾಲು ಎತ್ತಿಕೊಂಡ: ಗ್ರೀಸಿಗೆ ಸ್ವಾತಂತ್ರ್ಯದ ಹಿರಿಯ ಕಿರೀಟ ತೊಡಿಸುವವನು. ಜನರೆಲ್ಲ ಒಟ್ಟಿಗೆ ತಿರುಗಿ ಸೇನಾಪತಿಯನ್ನು ನೋಡಿದರು, ಚಪ್ಪಾಳೆ ಮುಗಿಲಿಗೇರಿತು. ಹಾಡು ಕಟ್ಟಿ ಇನ್ನೂರು ವರ್ಷವಾಗಿತ್ತು. ಒಂದು ಸಾಲು ಕೇಳಿದರೆ ಎಲ್ಲರಿಗೂ ಗುರುತು ಸಿಗುವಷ್ಟು ಅದು ಮನೆಮಾತಾಗಿತ್ತು.

ಅದಕ್ಕಿಂತ ಸ್ವಾರಸ್ಯದ ಸಾಕ್ಷಿ ಇತಿಹಾಸಕಾರ ಪಾಲಿಬಿಯಸ್ಸನದು. ಅವನ ನಾಡು ಆರ್ಕೇಡಿಯ, ಸ್ಪಾರ್ಟಾದ ನೆರೆ. ನಮ್ಮ ಬೆಟ್ಟದ ನಾಡಿನ ಬದುಕು ಒರಟು, ಹವೆ ಚಳಿಯದು. ಜನ ಮೃದುವಾಗಲೆಂದೇ ಹಿರಿಯರು ಸಂಗೀತವನ್ನು ಕಡ್ಡಾಯ ಮಾಡಿದರು ಎನ್ನುತ್ತಾನೆ. ಹುಡುಗರು ಮೊದಲು ಊರ ದೇವರ ಸ್ತುತಿ ಕಲಿಯುತ್ತಾರೆ, ಆಮೇಲೆ ಫಿಲೋಕ್ಸೆನಸ್ ಮತ್ತು ತಿಮೊಥಿಯಸ್ ಅವರ ಹಾಡು ಕಲಿತು ವರ್ಷವರ್ಷವೂ ರಂಗಮಂದಿರದಲ್ಲಿ ಕುಣಿಯುತ್ತಾರೆ. ಕಿನೈಥ ಎಂಬ ಒಂದು ಊರಿನವರು ಈ ಪಾಠ ಬಿಟ್ಟರು, ಅದಕ್ಕೇ ಅವರು ಕ್ರೂರಿಗಳಾಗಿ ಒಬ್ಬರನ್ನೊಬ್ಬರು ಕೊಂದುಕೊಂಡರು ಎಂದು ಅವನ ವಿವರಣೆ. ಅಂದರೆ ಹುಡುಗರ ಕಿವಿ ಕೆಡಿಸಿದವನು ಎಂಬ ಆಪಾದನೆ ಹೊತ್ತವನ ಹಾಡೇ ಹುಡುಗರನ್ನು ತಿದ್ದುವ ಪಠ್ಯವಾಯಿತು. ಕ್ರಿ.ಪೂ. 170ರ ಸುಮಾರಿಗೆ ತಿಯೋಸ್ ಪಟ್ಟಣದ ರಾಯಭಾರಿ ಮೆನೆಕ್ಲಿಸ್ ಕ್ರೀಟ್ ದ್ವೀಪದ ಕ್ನಾಸಸ್ಸಿಗೆ ಹೋಗಿ ಕಿಥಾರ ಹಿಡಿದು ಹಾಡಿದ. ಕ್ನಾಸಸ್ಸಿನವರು ಮೆಚ್ಚಿ ಶಾಸನ ಕೆತ್ತಿಸಿದರು: ತಿಮೊಥಿಯಸ್, ಪಾಲಿಯೈಡಸ್ ಮತ್ತು ನಮ್ಮ ಪ್ರಾಚೀನ ಕವಿಗಳ ಹಾಡನ್ನು ಓದಿದವನಿಗೆ ತಕ್ಕ ಹಾಗೆ ಹಾಡಿದ್ದಾನೆ ಎಂದು. ಸ್ಪಾರ್ಟಾದವರದೆಂಬ ಆದೇಶ ನಕಲಿ. ಈ ಕಲ್ಲು ಅಸಲಿ.

ಆದರೆ ಕಲ್ಲು ಇದ್ದಲ್ಲೇ ಉಳಿಯಿತು, ಬೋಎಥಿಯಸ್ಸನ ಪುಸ್ತಕ ಯುರೋಪಿನ ಮಠಗಳಲ್ಲಿ ಶತಮಾನಗಟ್ಟಲೆ ಪಠ್ಯವಾಯಿತು. ಗ್ರೀಕ್ ಬಾರದ ಲಿಪಿಕಾರರು ಆ ಆದೇಶವನ್ನು ಅಕ್ಷರ ನೋಡಿ ನೋಡಿ ಚಿತ್ರ ಬರೆದ ಹಾಗೆ ನಕಲು ಮಾಡಿದರು, ತಪ್ಪಿನ ಮೇಲೆ ತಪ್ಪು ಸೇರಿತು. ಓದಲಾಗದಿದ್ದರೂ ತಿಮೊಥಿಯಸ್ ತಪ್ಪಿತಸ್ಥ ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು.

ಉಪನ್ಯಾಸ ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು: ಅಲೆಕ್ಸಾಂಡರ್ ಮಹಾಶಯನನ್ನು ಸಂಗೀತದಿಂದ ಕೆರಳಿಸಿ ಕತ್ತಿ ಹಿಡಿಸಿದ ತಿಮೊಥಿಯಸ್ ಇವನೇ ಅಲ್ಲವೇ ಎಂದು. ಅಲ್ಲ. ಅವನು ಆಲೋಸ್ ಎಂಬ ಜೋಡಿ ಕೊಳವೆಯ ವಾದ್ಯ ಊದುತ್ತಿದ್ದವನು, ಥೀಬ್ಸಿನವನು. ಬೇರೆ ಗುರುವಿನ ಬಳಿ ಕಲಿತು ಬಂದವರಿಂದ, ಕಲಿತದ್ದನ್ನು ಮರೆಸಬೇಕಲ್ಲ ಎಂದು ಎರಡರಷ್ಟು ಶುಲ್ಕ ತೆಗೆದುಕೊಳ್ಳುತ್ತಿದ್ದ ತಿಮೊಥಿಯಸ್ಸೂ ಆಲೋಸ್ ವಾದಕನೇ. ರೋಮಿನ ಲೇಖಕ ಕ್ವಿಂಟಿಲಿಯನ್ ಹಾಗೆ ಹೇಳುತ್ತಾನೆ. ಹೆಸರು ಒಂದೇ ಆದ್ದರಿಂದ ಇವೆಲ್ಲ ಮಿಲೇಟಸ್ಸಿನವನ ಖಾತೆಗೆ ಬಂದು ಬಿದ್ದಿವೆ. ಇಂಗ್ಲಿಷ್ ಕವಿ ಡ್ರೈಡನ್ 1697ರಲ್ಲಿ ಅಲೆಕ್ಸಾಂಡರನ ಔತಣದ ಮೇಲೆ ಬರೆದ, 1736ರಲ್ಲಿ ಹ್ಯಾಂಡೆಲ್ ಸಂಗೀತ ಕೂಡಿಸಿದ ಪದ್ಯದಲ್ಲಿ ಈ ತಿಮೊಥಿಯಸ್ ಲೈರನ್ನೂ ಮಿಡಿಯುತ್ತಾನೆ, ಕೊಳಲನ್ನೂ ಊದುತ್ತಾನೆ. ಇಬ್ಬರನ್ನೂ ಕಲಸಿ ಒಬ್ಬನನ್ನು ಮಾಡಿದ್ದಾರೆ. ಕಾಲ ನೋಡಿದರೆ ಸಾಕು, ಗೊಂದಲ ಬಗೆಹರಿಯುತ್ತದೆ. ಅಲೆಕ್ಸಾಂಡರ್ ಹುಟ್ಟಿದ್ದು ಕ್ರಿ.ಪೂ. 356ರಲ್ಲಿ. ಅಷ್ಟು ಹೊತ್ತಿಗೆ ಮಿಲೇಟಸ್ಸಿನ ಮುದುಕ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸತ್ತದ್ದು ಮಾತ್ರ ಅಲೆಕ್ಸಾಂಡರನ ನಾಡಾದ ಮ್ಯಾಸಿಡೋನಿಯಾದಲ್ಲೇ.